ಸೀಟು ಸಿಗುತ್ತದೆ, ಕಷ್ಟ ಇರುವುದು ಅದರಾಚೆ: ಅಮೆರಿಕದ ಕಾಲೇಜುಗಳಲ್ಲಿ ದಾಖಲೆಯಿಲ್ಲದ ವಿದ್ಯಾರ್ಥಿಗಳು

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ನೋಡಿ "ಇದಕ್ಕೂ ನಮಗೂ ಏನ್ರೀ ಸಂಬಂಧ, ನಮ್ಮ ಮಕ್ಕಳು ವೀಸಾದಲ್ಲೇ ಇದ್ದಾರಲ್ಲ" ಎಂದು ಕೆಲವರಾದರೂ ಅಂದುಕೊಂಡಿರುತ್ತೀರಿ. ಸಂಬಂಧ ಇದೆ. ಇಪ್ಪತ್ತೊಂದನೆಯ ಹುಟ್ಟುಹಬ್ಬ ಎಂಬ ಒಂದು ದಿನ ಬರುತ್ತದೆ, ಅದರ ಮಾತನ್ನು ಆಮೇಲೆ ಆಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ. ದಾಖಲೆಯಿಲ್ಲದ, ಅಂದರೆ ದೇಶದಲ್ಲಿರಲು ವೀಸಾ ಮುಂತಾದ ಕಾನೂನುಬದ್ಧ ಅನುಮತಿ ಇಲ್ಲದ, ಹುಡುಗ ಅಮೆರಿಕದಲ್ಲಿ ಕಾಲೇಜು ಸೇರುವಂತಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಹಾಗೆ ಹೇಳುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು ಯಾವುದೂ ಇಲ್ಲ. ಅಡ್ಡಿ ಹಾಕಿರುವುದು ಕೆಲವು ರಾಜ್ಯಗಳು ಮಾತ್ರ. ದಕ್ಷಿಣ ಕೆರೊಲಿನಾ 2008ರಲ್ಲಿ ತನ್ನ ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತು. ಜಾರ್ಜಿಯದಲ್ಲಿ 2010ರಿಂದ, ಅರ್ಹರೆಲ್ಲರಿಗೂ ಸೀಟು ಕೊಡಲಾಗದಷ್ಟು ಪೈಪೋಟಿ ಇರುವ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇವರನ್ನು ಸೇರಿಸುವಂತಿಲ್ಲ. ಅಟ್ಲಾಂಟಾದ ಜಾರ್ಜಿಯ ಟೆಕ್ ಆ ಸಾಲಿನಲ್ಲಿದೆ. ಉಳಿದ ಹೆಚ್ಚಿನ ಕಡೆ ಅರ್ಜಿ ಹಾಕಬಹುದು, ಅಂಕ ಇದ್ದರೆ ಸೀಟು ಸಿಗುತ್ತದೆ. ದೇಶದ ಕಾಲೇಜುಗಳಲ್ಲಿ ಇಂಥ ವಿದ್ಯಾರ್ಥಿಗಳು ನಾಲ್ಕು ಲಕ್ಷಕ್ಕೂ ಮಿಕ್ಕಿ ಇದ್ದಾರೆಂಬ ಅಂದಾಜಿದೆ, ಅದರಲ್ಲಿ ಏಷ್ಯಾ ಮೂಲದವರ ಪಾಲು ಸಣ್ಣದಲ್ಲ. ಒಟ್ಟು ದಾಖಲೆಯಿಲ್ಲದ ಭಾರತೀಯರು ಎಷ್ಟು ಎಂಬುದರಲ್ಲಂತೂ ಲೆಕ್ಕಕ್ಕೂ ಲೆಕ್ಕಕ್ಕೂ ತಾಳೆಯೇ ಇಲ್ಲ. 2022ಕ್ಕೆ ಪ್ಯೂ ಸಂಶೋಧನಾ ಕೇಂದ್ರ ಹೇಳಿದ್ದು 7.25 ಲಕ್ಷ, ಅದೇ ವರ್ಷಕ್ಕೆ ಅಮೆರಿಕದ ಗೃಹಭದ್ರತಾ ಇಲಾಖೆ ಹೇಳಿದ್ದು 2.2 ಲಕ್ಷ.

ಈ ಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ ತಮ್ಮ ಸ್ಥಿತಿಯೇ ಗೊತ್ತಿರುವುದಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಅದಕ್ಕೆ ಕಾರಣ ಒಂದು ಒಳ್ಳೆಯ ತೀರ್ಪು. ಟೆಕ್ಸಸ್ 1975ರಲ್ಲಿ ಒಂದು ಕಾನೂನು ಮಾಡಿ, ದಾಖಲೆಯಿಲ್ಲದ ಮಕ್ಕಳ ಶಾಲೆಗೆ ರಾಜ್ಯದ ಹಣ ಕೊಡುವುದಿಲ್ಲ ಎಂದಿತು. ಟೈಲರ್ ಎಂಬ ಊರಿನ ಶಾಲಾ ಮಂಡಳಿ ಅಂಥ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ 5-4ರ ತೀರ್ಪು ಬಂತು: ಶಾಲೆ ಎಲ್ಲ ಮಕ್ಕಳಿಗೂ ಉಚಿತ, ವಲಸೆಯ ಸ್ಥಿತಿ ಏನೇ ಇರಲಿ. ಹಾಗಾಗಿ ಶಾಲೆ ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. ಹದಿನಾರು ತುಂಬಿ ಗೆಳೆಯರು ಡ್ರೈವಿಂಗ್ ಲೈಸೆನ್ಸ್‌ಗೆ ಹೊರಟಾಗಲೋ, ಹನ್ನೆರಡನೆಯ ತರಗತಿಯಲ್ಲಿ ಆರ್ಥಿಕ ನೆರವಿನ ಅರ್ಜಿ ತುಂಬುವಾಗಲೋ ಒಂಬತ್ತು ಅಂಕಿಯ ಸೋಷಿಯಲ್ ಸೆಕ್ಯೂರಿಟಿ ನಂಬರಿನ (ಪ್ರಜೆಗಳಿಗೂ ಕೆಲಸದ ಪರವಾನಗಿ ಇದ್ದವರಿಗೂ ಸರ್ಕಾರ ಕೊಡುವ ಸಂಖ್ಯೆ) ಖಾನೆ ಎದುರಾಗುತ್ತದೆ. ಅಪ್ಪನನ್ನು ಕೇಳಿದರೆ ಅಪ್ಪ ಮಾತು ತಿರುಗಿಸುತ್ತಾನೆ.

ಆ ತೀರ್ಪು ಕಾಲೇಜಿಗೆ ಅನ್ವಯಿಸುವುದಿಲ್ಲ. ಅಲ್ಲಿಂದ ಮುಂದೆ ನಿಯಮ ರಾಜ್ಯದಿಂದ ರಾಜ್ಯಕ್ಕೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ದಾರಿಗೂ ಒಂದು ತಾರೀಖು ಇದೆ, ಆ ತಾರೀಖು ದಾಟಿದ ಮೇಲೆ ದಾರಿ ಇಲ್ಲ. ಈ ಮಕ್ಕಳು ಕಳೆದುಕೊಳ್ಳುವುದರಲ್ಲಿ ಬಹುಪಾಲು ಕಾನೂನಿನ ಕಟುತನದಿಂದಲ್ಲ, ತಡವಾಗಿ ತಿಳಿದದ್ದರಿಂದ. ಇವತ್ತಿನ ನನ್ನ ಮಾತೆಲ್ಲ ಈ ತಾರೀಖುಗಳ ಸುತ್ತಲೇ.

ಅರ್ಜಿಯಿಂದ ಶುರು ಮಾಡೋಣ. ಅರ್ಜಿಯಲ್ಲಿ ಪೌರತ್ವದ ಪ್ರಶ್ನೆ ಬಂದಾಗ ಗಾಬರಿಯಿಂದ "ಅಮೆರಿಕದ ಪ್ರಜೆ" ಎಂದು ಟಿಕ್ ಹಾಕುವುದು ಅತಿ ದೊಡ್ಡ ತಪ್ಪು. ವೀಸಾ ಮೀರಿ ಉಳಿದದ್ದಕ್ಕೆ ಮುಂದೆ ಯಾವತ್ತಾದರೂ ಪರಿಹಾರ ಸಿಗಬಹುದು. ಯಾವುದಾದರೂ ಸೌಲಭ್ಯಕ್ಕಾಗಿ ಪ್ರಜೆ ಎಂದು ಸುಳ್ಳು ಹೇಳಿದರೆ ವಲಸೆ ಕಾನೂನಿನಲ್ಲಿ ಜೀವನಪೂರ್ತಿಯ ತಡೆ ಬೀಳುತ್ತದೆ, ಅದಕ್ಕೆ ಕ್ಷಮೆಯ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕ್ಯಾಂಪಸ್ಸಿನಲ್ಲಿ ಮೇಜು ಹಾಕಿಕೊಂಡು "ಬನ್ನಿ, ಮತದಾರರ ಪಟ್ಟಿಗೆ ಸೇರಿ" ಎಂದು ಕರೆಯುತ್ತಾರಲ್ಲ, ಅಲ್ಲಿ ಸಹಿ ಹಾಕಿದರೂ ಇದೇ ಗತಿ. ಕೆಲಸಕ್ಕೆ ಸೇರುವಾಗ ತುಂಬುವ ಐ-9 ಫಾರಂ ಕೂಡ ಹಾಗೆಯೇ. ಲೈಸೆನ್ಸ್ ಕಚೇರಿಯಲ್ಲಿ ಗುಮಾಸ್ತರು ವಾಡಿಕೆಯಂತೆ "ಮತದಾರರಾಗಿ ನೋಂದಾಯಿಸಲೇ?" ಎಂದು ಕೇಳಿದರೆ ಬೇಡ ಎನ್ನಬೇಕು. ಇದು ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಮಕ್ಕಳಿಗೂ ಅಷ್ಟೇ ಅನ್ವಯ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದಿದ್ದರೆ ಪ್ರವೇಶದ ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಡಿ. ಸೊನ್ನೆಗಳನ್ನು ತುಂಬುವುದು, ಚಿಕ್ಕಪ್ಪನ ನಂಬರ್ ಹಾಕುವುದು, ತೆರಿಗೆಗೆಂದು ಪಡೆದ ಐಟಿಐಎನ್ ಸಂಖ್ಯೆಯನ್ನು ಆ ಜಾಗದಲ್ಲಿ ಬರೆಯುವುದು, ಮೂರೂ ತಪ್ಪು.

ಮುಂದಿನ ತೊಡಕು ಕಾಲೇಜಿನ ಸಾಫ್ಟ್‌ವೇರಿನದು. ಪ್ರಜೆ ಅಲ್ಲ ಎಂದ ತಕ್ಷಣ ಅದು ಅರ್ಜಿಯನ್ನು "ಅಂತರರಾಷ್ಟ್ರೀಯ ವಿದ್ಯಾರ್ಥಿ" ಎಂಬ ಬುಟ್ಟಿಗೆ ಹಾಕುತ್ತದೆ. ಆಮೇಲೆ ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಅಂಕ ಕೊಡಿ, ಒಂದು ವರ್ಷದ ಖರ್ಚಿನ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ, ಐ-20ಗೆ ಅರ್ಜಿ ಹಾಕಿ ಎಂದು ಮೇಲಿಂದ ಮೇಲೆ ಇಮೇಲ್ ಬರುತ್ತದೆ. ಡಲ್ಲಾಸ್‌ನಲ್ಲಿ ಒಂದನೆಯ ತರಗತಿಯಿಂದ ಓದಿದ ಹುಡುಗಿಗೆ ಟೋಫೆಲ್! ಐ-20 ಇವರಿಗೆ ಕೊಡುವಂಥದ್ದೇ ಅಲ್ಲ, ಅದು ವಿದ್ಯಾರ್ಥಿ ವೀಸಾದವರ ಕಾಗದ. ಉತ್ತರ ಬರೆಯದೆ ಸುಮ್ಮನಾದರೆ ಅರ್ಜಿ "ಅಪೂರ್ಣ" ಎಂದು ಮುಚ್ಚಿಹೋಗುತ್ತದೆ. ಪ್ರವೇಶ ಕಚೇರಿಗೆ ಫೋನ್ ಮಾಡಿ, ಮೊದಲು ಹೆಸರು ಹೇಳದೆ, ವೀಸಾ ಇಲ್ಲದ, ಇದೇ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದವರನ್ನು ಯಾವ ವರ್ಗದಲ್ಲಿ ದಾಖಲಿಸುತ್ತೀರಿ ಎಂದು ಕೇಳಬೇಕು. ಹೆಚ್ಚಿನ ಕಡೆ ಅದಕ್ಕೆ ಬೇರೆ ಕೋಡ್ ಇರುತ್ತದೆ, ಕೈಯಿಂದ ಬದಲಾಯಿಸುತ್ತಾರೆ.

ಈಗ ಶುಲ್ಕ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2024-25ರಲ್ಲಿ ಹೊರಗಿನವರು ಮೇಲೆ ಕಟ್ಟಬೇಕಾಗಿದ್ದ ಹೆಚ್ಚುವರಿ ಮೊತ್ತವೇ ವರ್ಷಕ್ಕೆ 34 ಸಾವಿರ ಡಾಲರಿಗೂ ಹೆಚ್ಚು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅಪ್ಪ, ಮನೆಗೆಲಸದ ಅಮ್ಮ ಇರುವ ಮನೆಯಲ್ಲಿ ಕಾಲೇಜು ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ಒಂದು ಅಂಕಿಯ ಮೇಲೆ.

1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಎರಡು ಕಾನೂನು ಮಾಡಿತು. ದಾಖಲೆಯಿಲ್ಲದವರಿಗೆ ರಾಜ್ಯದ ಸೌಲಭ್ಯ ಕೊಡಬೇಕಾದರೆ ರಾಜ್ಯ ಅದಕ್ಕೆಂದೇ ಹೊಸ ಕಾನೂನು ಮಾಡಬೇಕು ಎಂದಿತು ಒಂದು. ರಾಜ್ಯದಲ್ಲಿ ವಾಸವಿದ್ದಾರೆ ಎಂಬ ಆಧಾರದ ಮೇಲೆ ಇವರಿಗೆ ಕಾಲೇಜಿನಲ್ಲಿ ಕೊಡುವ ಸೌಲಭ್ಯವನ್ನು ಹೊರರಾಜ್ಯದ ಅಮೆರಿಕನ್ ಪ್ರಜೆಗೂ ಕೊಡಬೇಕು ಎಂದಿತು ಇನ್ನೊಂದು. ಇದರಿಂದ ಪಾರಾಗಲು ರಾಜ್ಯಗಳು ಹುಡುಕಿದ ಉಪಾಯ ಕರ್ನಾಟಕದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸಿಇಟಿ ಬರೆಯುವಾಗ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ನಿಯಮ ಗೊತ್ತಲ್ಲ? ಅಲ್ಲಿ ನೋಡುವುದು ಎಲ್ಲಿ ಓದಿದ್ದೀರಿ ಎಂಬುದನ್ನು. ಕ್ಯಾಲಿಫೋರ್ನಿಯಾ 2001ರಲ್ಲಿ ಮಾಡಿದ ಎಬಿ 540 ಕಾನೂನೂ ಹಾಗೆಯೇ: ವಾಸದ ಮಾತೇ ಇಲ್ಲ, ರಾಜ್ಯದ ಶಾಲೆಯಲ್ಲಿ ಮೂರು ವರ್ಷ ಓದಿ ಮುಗಿಸಿದ್ದರೆ ಹೊರರಾಜ್ಯದ ದರ ಮಾಫಿ. ಹಾಗೆ ಓದಿ ಬೇರೆ ರಾಜ್ಯಕ್ಕೆ ಹೋದ ಅಮೆರಿಕನ್ ಪ್ರಜೆಗೂ ಇದು ಸಿಗುತ್ತದೆ, ಆದ್ದರಿಂದ ಫೆಡರಲ್ ಕಾನೂನು ಮುರಿದಂತಾಗುವುದಿಲ್ಲ. ರಾಜ್ಯದ ಸುಪ್ರೀಂ ಕೋರ್ಟು 2010ರಲ್ಲಿ ಈ ವಾದವನ್ನು ಒಪ್ಪಿತು.

ಎಬಿ 540ರಲ್ಲಿ ಜನ ಎಡವುವ ಜಾಗ ಎರಡು. ಒಂದು, ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಅರ್ಜಿ ಹಾಕಿದರೆ ಶುಲ್ಕದ ಮಾಫಿಯೂ ತಾನಾಗಿ ಬರುತ್ತದೆ ಎಂದುಕೊಳ್ಳುವುದು. ಅವು ಬೇರೆ ಬೇರೆ. ಡ್ರೀಮ್ ಆ್ಯಕ್ಟ್ ಅರ್ಜಿ ರಾಜ್ಯದ ಅನುದಾನಕ್ಕೆ, ಮಾರ್ಚ್ 2 ಅದರ ಮುಖ್ಯ ಗಡುವು. ಶುಲ್ಕ ಮಾಫಿಗೆ ಪ್ರಮಾಣಪತ್ರವನ್ನು ನೀವು ಸೇರುವ ಕ್ಯಾಂಪಸ್ಸಿನ ರಿಜಿಸ್ಟ್ರಾರ್ ಕಚೇರಿಗೆ ಬೇರೆಯಾಗಿ ಕೊಡಬೇಕು, ಹೈಸ್ಕೂಲಿನ ಅಂಕಪಟ್ಟಿ ಜೊತೆಯಲ್ಲಿ. ಕಾನೂನುಬದ್ಧ ಸ್ಥಿತಿಗೆ ಅರ್ಹತೆ ಬಂದ ಕೂಡಲೇ ಅರ್ಜಿ ಹಾಕುತ್ತೇನೆ ಎಂದು ಅದರಲ್ಲಿ ಸಹಿ ಮಾಡಬೇಕಾಗುತ್ತದೆ. ಆ ಸಾಲು ನೋಡಿ ಹೆದರಿ ವಾಪಸು ಬರುವವರಿದ್ದಾರೆ, ಹೆದರಬೇಕಾದ್ದೇನಿಲ್ಲ. ಎರಡು, ಹನ್ನೊಂದನೆಯ ತರಗತಿಗೆ ಬಂದು ಸೇರಿದವರು ಮೂರು ವರ್ಷ ಆಗಲಿಲ್ಲ ಎಂದು ಕೈಬಿಡುವುದು. 2017ರ ತಿದ್ದುಪಡಿಯ ನಂತರ ವಯಸ್ಕರ ಶಾಲೆ, ಎರಡು ವರ್ಷದ ಸ್ಥಳೀಯ ಕಮ್ಯುನಿಟಿ ಕಾಲೇಜಿನ ಓದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಆ ವರ್ಷಗಳನ್ನು ಕೂಡಿಸಿಕೊಳ್ಳಬಹುದು.

ಇಂಥ ಕಾನೂನು ಮೊದಲು ಮಾಡಿದ್ದು ಟೆಕ್ಸಸ್, 2001ರ ಬೇಸಿಗೆಯಲ್ಲಿ, ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ ಸಹಿಯೊಂದಿಗೆ. ಅದು ಉರುಳಿದ ರೀತಿ ನೋಡಿ. 2025ರ ಜೂನ್ 4ರಂದು ಫೆಡರಲ್ ನ್ಯಾಯಾಂಗ ಇಲಾಖೆ ಟೆಕ್ಸಸ್ ಮೇಲೆ ದಾವೆ ಹೂಡಿತು, ಅದೇ ದಿನ ಟೆಕ್ಸಸ್ ಒಪ್ಪಿಕೊಂಡಿತು, ಅದೇ ದಿನ ಜಡ್ಜ್ ಕಾನೂನಿಗೆ ತಡೆ ಹಾಕಿದರು. ಇಪ್ಪತ್ನಾಲ್ಕು ವರ್ಷದ ವ್ಯವಸ್ಥೆ ಸಂಜೆಯೊಳಗೆ ಮುಗಿಯಿತು, ಎದುರು ವಾದ ಮಾಡುವವರೇ ಇರಲಿಲ್ಲ. ಫ್ಲೋರಿಡಾ ತನ್ನ 2014ರ ಕಾನೂನನ್ನು ತಾನೇ ರದ್ದು ಮಾಡಿ 2025ರ ಜುಲೈ 1ರಿಂದ ಜಾರಿಗೆ ತಂದಿತು. ಕೆಂಟಕಿ, ಮಿನ್ನೆಸೋಟ, ಒಕ್ಲಹೋಮ, ಇಲಿನಾಯ್ ಮೇಲೂ ದಾವೆಗಳು ಬಿದ್ದವು. ಪದವಿಯ ಮಧ್ಯದಲ್ಲಿದ್ದವರಿಗೆ ಮುಂದಿನ ಸೆಮಿಸ್ಟರಿನ ಬಿಲ್ಲು ಹೊರರಾಜ್ಯದ ದರದಲ್ಲಿ ಬಂತು. ಹೋದ ವರ್ಷ ಸೀನಿಯರ್ ಹೇಳಿದ ಮಾತನ್ನು ನಂಬಿ ಈ ವರ್ಷ ಕೂರಬೇಡಿ. ಪ್ರತಿ ಸೆಮಿಸ್ಟರಿಗೆ ಮುಂಚೆ ರಿಜಿಸ್ಟ್ರಾರ್ ಕಚೇರಿಯ ರೆಸಿಡೆನ್ಸಿ ವಿಭಾಗದಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ.

ದರ ಏರಿದಾಗ ಮಕ್ಕಳು ಸಹಜವಾಗಿ ಮಾಡುವುದು ಕೋರ್ಸ್ ಕಡಿಮೆ ಮಾಡಿಕೊಳ್ಳುವುದು, ಸೆಮಿಸ್ಟರಿಗೆ ಎರಡು ಕೋರ್ಸ್, 6 ಕ್ರೆಡಿಟ್. ಲೆಕ್ಕ ಹಾಕಿ. ವರ್ಷಕ್ಕೆ 12 ಕ್ರೆಡಿಟ್ ಆದರೆ 120 ಕ್ರೆಡಿಟ್‌ನ ಪದವಿಗೆ ಹತ್ತು ವರ್ಷ. ಅಷ್ಟೇ ಅಲ್ಲ, ಖಾಸಗಿ ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಕೇಳುತ್ತವೆ, ಕಡಿಮೆ ಮಾಡಿದೊಡನೆ ಇದ್ದ ನೆರವೂ ಹೋಗುತ್ತದೆ. ಅದಕ್ಕಿಂತ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಪೂರ್ತಿ ಓದಿ, ಆಮೇಲೆ ವರ್ಗಾವಣೆ ಪಡೆಯುವುದು ಲೇಸು. ಆದರೆ ಯಾವ ಕೋರ್ಸಿನ ಕ್ರೆಡಿಟ್ ಮುಂದಿನ ಕಾಲೇಜು ಒಪ್ಪುತ್ತದೆ ಎಂಬ ಪಟ್ಟಿ ಮೊದಲೇ ಕೈಯಲ್ಲಿರಬೇಕು.

ಫೆಡರಲ್ ನೆರವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇಲ್ಲ. ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನ, ಸಾಲ, ಕ್ಯಾಂಪಸ್ ಕೆಲಸದ ವರ್ಕ್-ಸ್ಟಡಿ, ಯಾವುದೂ ಸಿಗುವುದಿಲ್ಲ. ಜಟಿಲವಾಗುವುದು ಮಿಶ್ರ ಕುಟುಂಬಗಳಲ್ಲಿ: ಮಗಳು ಅಮೆರಿಕದಲ್ಲಿ ಹುಟ್ಟಿದ ಪ್ರಜೆ, ಅಪ್ಪ ಅಮ್ಮನಿಗೆ ದಾಖಲೆ ಇಲ್ಲ. ಮಗಳಿಗೆ ವರ್ಷಕ್ಕೆ 7,395 ಡಾಲರ್‌ವರೆಗಿನ ಪೆಲ್ ಅನುದಾನದ ಹಕ್ಕಿದೆ. ಆದರೆ ಎಫ್‌ಎಎಫ್‌ಎಸ್‌ಎ ಎಂಬ ಫೆಡರಲ್ ನೆರವಿನ ಅರ್ಜಿಯಲ್ಲಿ ಪೋಷಕರೂ ತಮ್ಮದೇ ಖಾತೆ ತೆರೆದು ಒಪ್ಪಿಗೆ ಕೊಡಬೇಕು. 2023ರ ಡಿಸೆಂಬರ್ ಕೊನೆಯಲ್ಲಿ ಹೊಸ ಅರ್ಜಿ ಬಂದಾಗ ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ಪೋಷಕರು ಅದನ್ನು ತುಂಬಲಾಗದೆ ವಾರಗಟ್ಟಲೆ ಒದ್ದಾಡಿದರು. ಈಗ ತಾಂತ್ರಿಕ ತೊಡಕು ಕಡಿಮೆಯಾಗಿದೆ, ಭಯ ಹೆಚ್ಚಾಗಿದೆ. 2025ರ ಏಪ್ರಿಲ್‌ನಲ್ಲಿ ತೆರಿಗೆ ಇಲಾಖೆ ವಲಸೆ ಇಲಾಖೆಯೊಂದಿಗೆ ಮಾಹಿತಿ ಹಂಚಿಕೆಯ ಒಪ್ಪಂದ ಮಾಡಿಕೊಂಡ ಮೇಲೆ, ಐಟಿಐಎನ್ ಪಡೆದು ವರ್ಷಗಟ್ಟಲೆ ಪ್ರಾಮಾಣಿಕವಾಗಿ ತೆರಿಗೆ ಕಟ್ಟಿದವರೇ ಮೊದಲು ನಡುಗಿದರು. ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಇಲ್ಲ. ಹೋದ ವರ್ಷವೇ ಎಫ್‌ಎಎಫ್‌ಎಸ್‌ಎ ತುಂಬಿದ್ದರೆ ಮಾಹಿತಿ ಆಗಲೇ ಅಲ್ಲಿದೆ, ಈ ವರ್ಷ ಬಿಟ್ಟರೆ ಹಣ ಮಾತ್ರ ಹೋಗುತ್ತದೆ. ಮೊದಲ ಸಲ ತುಂಬುವವರು ವಕೀಲರನ್ನು ಕೇಳಿ ನಿರ್ಧರಿಸಬೇಕು.

ಕೆಲಸದ ಕಥೆಯೇ ಬೇರೆ. 1986ರ ಕಾನೂನಿನಂತೆ ಪರವಾನಗಿ ಇಲ್ಲದವರನ್ನು ಮಾಲೀಕರು ನೌಕರಿಗೆ ಇಟ್ಟುಕೊಳ್ಳುವಂತಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದೂ ನೌಕರಿ, ಪ್ರೊಫೆಸರರ ಲ್ಯಾಬಿನಲ್ಲಿ ಸಂಬಳಕ್ಕೆ ಕೆಲಸ ಮಾಡುವುದೂ ನೌಕರಿ. ಪಿಎಚ್‌.ಡಿ. ಮಾಡುವವರಿಗೆ ಇದು ದೊಡ್ಡ ಗೋಡೆ, ಏಕೆಂದರೆ ಅಲ್ಲಿ ಶುಲ್ಕ ಮತ್ತು ಊಟದ ಖರ್ಚು ಬರುವುದೇ ಬೋಧನಾ ಸಹಾಯಕನ ಹುದ್ದೆಯಿಂದ. ಪಾಠ ಮಾಡುವ, ಪೇಪರ್ ತಿದ್ದುವ ಷರತ್ತಿಲ್ಲದ ಫೆಲೋಷಿಪ್ ಆದರೆ ಕೊಡಬಹುದು, ಅದು ಸಂಬಳವಲ್ಲ. ಆದ್ದರಿಂದ ಸೇರುವ ಮುಂಚೆ ವಿಭಾಗವನ್ನು ಕೇಳಬೇಕಾದ ಪ್ರಶ್ನೆ ಐದೂ ವರ್ಷ ಫೆಲೋಷಿಪ್ ರೂಪದಲ್ಲೇ ಕೊಡಬಲ್ಲಿರಾ ಎಂಬುದು. ಮೊದಲ ವರ್ಷ ಮಾತ್ರ ಕೊಟ್ಟು ಆಮೇಲೆ ಕೈಚೆಲ್ಲುವ ವಿಭಾಗಗಳು ಬಹಳ. ರಾಜ್ಯದ ಸಂಸ್ಥೆಯಾದ ವಿಶ್ವವಿದ್ಯಾಲಯಕ್ಕೆ 1986ರ ಕಾನೂನು ತಾಗುವುದೇ ಇಲ್ಲ ಎಂಬ ವಾದ ಎತ್ತಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಹೋರಾಡಿದರು. 2024ರ ಜನವರಿಯಲ್ಲಿ ವಿಶ್ವವಿದ್ಯಾಲಯದ ಮಂಡಳಿ ಇವರಿಗೆ ಕೆಲಸ ಕೊಡುವ ಆಲೋಚನೆಯನ್ನು ಒಂದು ವರ್ಷ ತಡೆಹಿಡಿಯಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದಕ್ಕೆ ಅವಕಾಶ ಕೊಡುವ ಮಸೂದೆಗೆ ಗವರ್ನರ್ ವೀಟೊ ಹಾಕಿದರು.

ಕೋರ್ಸ್ ಆಯ್ಕೆಯಲ್ಲೂ ಇದೇ ಬೀಗ. ನರ್ಸಿಂಗ್ ತೆಗೆದುಕೊಳ್ಳಿ. ಎರಡು ವರ್ಷ ತರಗತಿ ಚೆನ್ನಾಗಿ ನಡೆಯುತ್ತದೆ. ಆಸ್ಪತ್ರೆಯ ಕ್ಲಿನಿಕಲ್ ತರಬೇತಿ ಶುರುವಾಗುವಾಗ ಆಸ್ಪತ್ರೆ ಹಿನ್ನೆಲೆ ಪರಿಶೀಲನೆ ಕೇಳುತ್ತದೆ, ಅದನ್ನು ಮಾಡುವ ಕಂಪನಿಯ ವೆಬ್ ಫಾರಂ ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದೆ ಮುಂದಿನ ಪುಟಕ್ಕೇ ಹೋಗುವುದಿಲ್ಲ. ಕಾಲೇಜು ಸೇರಿಸಿಕೊಂಡಿದೆ, ಆಸ್ಪತ್ರೆ ಒಳಗೆ ಬಿಡುವುದಿಲ್ಲ, ಕ್ಲಿನಿಕಲ್ ಇಲ್ಲದೆ ಪದವಿ ಇಲ್ಲ. ಅದನ್ನು ದಾಟಿದರೂ ಮುಂದೆ ರಾಜ್ಯದ ಲೈಸೆನ್ಸ್ ಇದೆ. ಕ್ಯಾಲಿಫೋರ್ನಿಯಾದಲ್ಲಿ 2014ರ ಒಂದು ಕಾನೂನಿನಿಂದಾಗಿ ಲೈಸೆನ್ಸ್ ಮಂಡಳಿಗಳು ಐಟಿಐಎನ್ ಒಪ್ಪುತ್ತವೆ. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ದಾಖಲೆಯಿಲ್ಲದ ಸೆರ್ಜಿಯೊ ಗಾರ್ಸಿಯ ಎಂಬುವರಿಗೆ ವಕೀಲಿಕೆಯ ಸನ್ನದು ಕೊಟ್ಟಿತು. ಬಹಳಷ್ಟು ರಾಜ್ಯಗಳಲ್ಲಿ ಹಾಗಿಲ್ಲ. ಲೈಸೆನ್ಸ್ ಸಿಕ್ಕಮಾತ್ರಕ್ಕೆ ನೌಕರಿ ಮಾಡುವ ಹಕ್ಕು ಬರುವುದಿಲ್ಲ, ಅದೂ ಬೇರೆ. ಈ ಪ್ರಶ್ನೆಗಳನ್ನು ಮೊದಲ ಸೆಮಿಸ್ಟರಿನಲ್ಲೇ ಕೇಳಬೇಕು, ಮೂರನೆಯ ವರ್ಷದಲ್ಲಲ್ಲ.

"ಡಾಕಾ ಇದೆಯಲ್ಲ" ಎನ್ನುವವರಿದ್ದಾರೆ. 2012ರ ಜೂನ್ 15ರಂದು ಒಬಾಮ ಸರ್ಕಾರ ಪ್ರಕಟಿಸಿದ ಆ ಯೋಜನೆಯಲ್ಲಿ, ಚಿಕ್ಕಂದಿನಲ್ಲೇ ಬಂದ ದಾಖಲೆಯಿಲ್ಲದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಮತ್ತು ಎರಡು ವರ್ಷಕ್ಕೊಮ್ಮೆ ನವೀಕರಿಸುವ ಕೆಲಸದ ಪರವಾನಗಿ ಸಿಗುತ್ತಿತ್ತು. ಆದರೆ ಅದರ ಷರತ್ತು ನೋಡಿ: 2007ರ ಜೂನ್ 15ರಿಂದ ಅಮೆರಿಕದಲ್ಲೇ ಇರಬೇಕು. 2025ರಲ್ಲಿ ಕಾಲೇಜು ಸೇರಿದ ಹದಿನೆಂಟರ ಹುಡುಗ ಹುಟ್ಟಿದ್ದೇ 2007ರಲ್ಲಿ. ಅಂದರೆ ಈಗಿನ ಹೊಸ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಯಾರೂ ಅದರೊಳಗೆ ಬರುವುದಿಲ್ಲ. ಬಂದರೂ, 2021ರ ಜುಲೈನಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟು ಕೊಟ್ಟ ಆದೇಶದ ನಂತರ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು. ಹಳಬರು ನವೀಕರಣಕ್ಕೆ ಅವಧಿ ಮುಗಿಯುವ 120ರಿಂದ 150 ದಿನ ಮುಂಚೆ ಅರ್ಜಿ ಹಾಕಬೇಕು. ಡಾಕಾ ಹೊಸಬರಿಗೂ ಸಿಗುತ್ತಿದ್ದ ಕಾಲದ ಸಲಹೆಗಳನ್ನೇ ಇವತ್ತಿಗೂ ಕಾಲೇಜುಗಳು ಕರಪತ್ರದಲ್ಲಿ ಹಂಚುತ್ತಿವೆ, ಅದು ಈಗಿನ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಓಡಾಟದ ತೊಂದರೆಗೆ ಒಂದೇ ಉದಾಹರಣೆ ಸಾಕು. ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಯ ಪಕ್ಕ, ಮೆಕ್ಯಾಲನ್, ಎಡಿನ್‌ಬರ್ಗ್ ಊರುಗಳಿವೆ. ಅಲ್ಲಿನ ಹುಡುಗಿಗೆ ಆಸ್ಟಿನ್‌ನಲ್ಲಿ ಸೀಟು ಸಿಕ್ಕಿತು ಎನ್ನಿ. ಎರಡೂ ಊರು ಒಂದೇ ರಾಜ್ಯದಲ್ಲಿವೆ, ಗಡಿ ದಾಟುವುದೇನೂ ಇಲ್ಲ. ಆದರೆ ಹೆದ್ದಾರಿ 281ರಲ್ಲಿ ಉತ್ತರಕ್ಕೆ ಸುಮಾರು 70 ಮೈಲಿ ಹೋದರೆ ಫಾಲ್ಫೂರಿಯಸ್ ಬಳಿ ಗಡಿ ಕಾವಲು ಪಡೆಯಾದ ಬಾರ್ಡರ್ ಪ್ಯಾಟ್ರೋಲ್‌ನ ಕಾಯಂ ತಪಾಸಣಾ ಠಾಣೆ ಇದೆ, ಪ್ರತಿ ಕಾರನ್ನೂ ನಿಲ್ಲಿಸಿ ಪ್ರಜೆಯೇ ಎಂದು ಕೇಳುತ್ತಾರೆ. ಪೂರ್ವದ ಹೆದ್ದಾರಿ 77ರಲ್ಲಿ ಹೋದರೆ ಸರೀಟಾದಲ್ಲಿ ಇನ್ನೊಂದು. ಮೆಕ್ಯಾಲನ್ ವಿಮಾನ ನಿಲ್ದಾಣದಲ್ಲೂ ಅವರಿರುತ್ತಾರೆ. ಅವಳು ಅಲ್ಲೇ ಊರಿನ ವಿಶ್ವವಿದ್ಯಾಲಯದಲ್ಲಿ ಉಳಿಯುತ್ತಾಳೆ. ಇಂಟರ್ನ್‌ಷಿಪ್ ಸಂದರ್ಶನ, ವಿಚಾರ ಸಂಕಿರಣ ಎಲ್ಲವೂ ಠಾಣೆಯ ಈಚೆಗೇ ಮುಗಿಯಬೇಕು.

ದೇಶ ಬಿಟ್ಟು ಹೋಗುವ ವಿಷಯದಲ್ಲಿ ಎಲ್ಲರೂ ಬಾಯಿಪಾಠ ಮಾಡಬೇಕಾದ ವಯಸ್ಸು ಹದಿನೆಂಟೂವರೆ. ದಾಖಲೆಯಿಲ್ಲದೆ ಇದ್ದ ದಿನಗಳ ಎಣಿಕೆ ಶುರುವಾಗುವುದು ಹದಿನೆಂಟು ತುಂಬಿದ ಮೇಲೆ. 180 ದಿನ ದಾಟಿ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ತುಂಬಿ ಬಿಟ್ಟರೆ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ. ಬೆಂಗಳೂರಿಗೋ ಮೈಸೂರಿಗೋ ಬಂದು ಅಜ್ಜಿ ಮನೆಯಲ್ಲಿದ್ದು ಇಲ್ಲೇ ಪದವಿ ಓದುವ ಆಲೋಚನೆ ಇದ್ದರೆ, ಅಥವಾ ಹೊರಗೆ ಬಂದು ವಿದ್ಯಾರ್ಥಿ ವೀಸಾಕ್ಕೆ ಪ್ರಯತ್ನಿಸುವುದಿದ್ದರೆ, ಆ 180 ದಿನದೊಳಗೆ ಹೊರಡಬೇಕು. ವೀಸಾ ಸಿಕ್ಕೇ ಸಿಗುತ್ತದೆಂದಲ್ಲ, ಆದರೆ ಆ ತಡೆ ಬೀಳುವುದಿಲ್ಲ. ಹತ್ತೊಂಬತ್ತು ತುಂಬಿದ ಮೇಲೆ ವಕೀಲರ ಬಳಿ ಹೋದರೆ ಅವರು ಹೇಳಬಹುದಾದ್ದು ಕಡಿಮೆ.

ಈಗ ನಮ್ಮ ಮನೆಗಳಿಗೆ ಬರುತ್ತೇನೆ. ಅಪ್ಪ ಎಚ್-1ಬಿ, ಅಮ್ಮ ಎಚ್-4, ಮಗು ನಾಲ್ಕನೆಯ ವಯಸ್ಸಿಗೆ ಎಚ್-4ನಲ್ಲಿ ಬಂದಿದೆ. ಹಸಿರು ಕಾರ್ಡಿನ ಸಾಲಿನಲ್ಲಿ ಕುಟುಂಬ ಕಾಯುತ್ತಿದೆ. ಸಾಲು ಎಲ್ಲಿಯವರೆಗೆ ಬಂತೆಂದು ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ತಿಳಿಸುವ 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಇಬಿ-2 (ಉನ್ನತ ಪದವಿಯ ನೌಕರರ) ಸಾಲು 2013ರ ಆರಂಭದ ಆಸುಪಾಸಿನಲ್ಲಿ ಅರ್ಜಿ ಹಾಕಿದವರ ತನಕ ಬಂದಿತ್ತು, ಅಂದರೆ ಹನ್ನೆರಡು ವರ್ಷದ ಕಾಯುವಿಕೆ. ಮಗು ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ದೇಶದೊಳಗೆ ಬಂದಾಗಿನ ದಾಖಲೆಯಾದ ಐ-94ರಲ್ಲಿ ಅದಕ್ಕಿಂತ ಮುಂದಿನ ತಾರೀಖು ಇದ್ದರೂ ಅದನ್ನು ನಂಬಬೇಡಿ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೆ, ಹೈಸ್ಕೂಲಿನಲ್ಲಿ ಮೊದಲಿಗಳಾಗಿದ್ದ ಹುಡುಗಿಯೂ ದಾಖಲೆಯಿಲ್ಲದವಳೇ. ಡಾಕಾ ಇವರಿಗೆ ಎಂದೂ ಸಿಗಲಿಲ್ಲ, ಏಕೆಂದರೆ 2012ರ ಆ ದಿನ ಕಾನೂನುಬದ್ಧ ಸ್ಥಿತಿ ಇಲ್ಲದವರಿಗೆ ಮಾತ್ರ ಅದು. ವೀಸಾ ಇಟ್ಟುಕೊಂಡದ್ದೇ ಅನರ್ಹತೆ! ಇವರಿಗಾಗಿ 2021ರಿಂದ ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್ ಮಸೂದೆ ಕಾಂಗ್ರೆಸ್ಸಿಗೆ ಬಂದು ಹೋಗುತ್ತಿದೆ, ಪಾಸಾಗಿಲ್ಲ.

ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಇದೆ. ಸಾಲು ನಿಮ್ಮ ತನಕ ಬಂದ ದಿನ ಮಗುವಿನ ವಯಸ್ಸು ಎಷ್ಟೋ ಅದರಲ್ಲಿ, ಹಸಿರು ಕಾರ್ಡಿಗೆಂದು ಕಂಪನಿ ಹಾಕುವ ಐ-140 ಅರ್ಜಿ ಇತ್ಯರ್ಥಕ್ಕೆ ಕಾದ ದಿನಗಳನ್ನು ಕಳೆಯುತ್ತಾರೆ. ವಯಸ್ಸು 21 ವರ್ಷ 5 ತಿಂಗಳು, ಐ-140 ಕಾದದ್ದು 7 ತಿಂಗಳು ಎಂದರೆ ಲೆಕ್ಕದ ವಯಸ್ಸು 20 ವರ್ಷ 10 ತಿಂಗಳು, ಮಗು ಉಳಿಯಿತು. ಒಂದು ವರ್ಷದೊಳಗೆ ಹಸಿರು ಕಾರ್ಡಿನ ಅರ್ಜಿ ಹಾಕಬೇಕು. ಇಲ್ಲಿ ಒಂದು ವಕ್ರತೆ ಇದೆ. ದುಡ್ಡು ಕಟ್ಟಿ ಪ್ರೀಮಿಯಂನಲ್ಲಿ ಐ-140ನ್ನು ಹದಿನೈದು ಕೆಲಸದ ದಿನಗಳಲ್ಲಿ ಮುಗಿಸಿಕೊಂಡವರಿಗೆ ಕಳೆಯಲು ಸಿಗುವುದು ಆ ಕೆಲವೇ ದಿನ. ಮನೆಯಲ್ಲಿ ಹತ್ತು ದಾಟಿದ ಮಕ್ಕಳಿದ್ದರೆ ಪ್ರೀಮಿಯಂ ಕಟ್ಟುವ ಮುಂಚೆ ವಕೀಲರ ಬಳಿ ಈ ಲೆಕ್ಕ ಮಾಡಿಸಿ. "ಸಾಲು ಬಂದ ದಿನ" ಯಾವುದೆಂಬ ನಿಯಮವೂ 2025ರ ಆಗಸ್ಟ್ 15ರಿಂದ ಬಿಗಿಯಾಗಿದೆ. ಬುಲೆಟಿನ್ನಿನ ಎರಡು ಪಟ್ಟಿಗಳಲ್ಲಿ ಹಿಂದೆ ಉಳಿಯುವ, ಅಂತಿಮ ಮಂಜೂರಾತಿಯ ಪಟ್ಟಿಯನ್ನೇ ಈಗ ನೋಡುತ್ತಾರೆ.

ಲೆಕ್ಕ ಉಳಿಸದಿದ್ದರೆ ಉಳಿಯುವ ದಾರಿ ಎಫ್-1. ಕಾಲೇಜಿನಿಂದ ಐ-20 ತೆಗೆದುಕೊಂಡು, ವೀಸಾ ಸ್ಥಿತಿ ಬದಲಾಯಿಸುವ ಐ-539 ಅರ್ಜಿಯನ್ನು ಇಪ್ಪತ್ತೊಂದು ತುಂಬುವ ಮುಂಚೆ ಸಲ್ಲಿಸಬೇಕು. ಕೊನೆಯ ವಾರಕ್ಕೆ ಬಿಡಬೇಡಿ, ಇಪ್ಪತ್ತು ತುಂಬಿದಾಗಲೇ ಶುರು ಮಾಡಿ. ಲಾಭ ಎಂದರೆ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ, ಪದವಿಯ ನಂತರ ಕೆಲಸದ ಅನುಭವಕ್ಕೆ ಸಿಗುವ ಒಪಿಟಿ ಪರವಾನಗಿ. ಎಚ್-4 ಮಗುವಿಗೆ ಇವೆರಡೂ ಇಲ್ಲ. ನಷ್ಟ ಎಂದರೆ ಶುಲ್ಕ. ಎಚ್-4ನಲ್ಲಿ ಬಹಳ ರಾಜ್ಯಗಳು ರಾಜ್ಯದವರ ದರ ಕೊಡುತ್ತವೆ, ಎಫ್-1 ಆದ ಕೂಡಲೇ ಹೊರಗಿನವರ ದರ ಹಾಕುವ ಕಡೆಗಳಿವೆ. ಇಪ್ಪತ್ತೊಂದು ತುಂಬುವುದು ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ, ಕೊನೆಯ ಒಂದೂವರೆ ವರ್ಷದ ಶುಲ್ಕ ಮೂರು ಪಟ್ಟು ಆಗಬಹುದು. ಈ ಪ್ರಶ್ನೆಯನ್ನು ಕಾಲೇಜು ಆಯ್ಕೆ ಮಾಡುವಾಗಲೇ ಕೇಳಿ. ಎಫ್-1 ಆದ ಮೇಲೆ ಸೆಮಿಸ್ಟರಿಗೆ 12 ಕ್ರೆಡಿಟ್ ಕಡ್ಡಾಯ. ಒಂದು ಕೋರ್ಸ್ ಕಷ್ಟವಾಯಿತೆಂದು ಅಂತರರಾಷ್ಟ್ರೀಯ ಕಚೇರಿಯ ಅಧಿಕಾರಿಗೆ ಹೇಳದೆ ಬಿಟ್ಟರೆ ದಾಖಲೆ ರದ್ದಾಗುತ್ತದೆ; ಮರುಸ್ಥಾಪನೆಗೆ ಇರುವುದು ಐದು ತಿಂಗಳು.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ವಲಸೆ ಅಧಿಕಾರಿಗಳು ಹಾಸ್ಟೆಲಿಗೆ ಬಂದರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಶಾಲೆ ಕಾಲೇಜುಗಳಲ್ಲಿ ಕಾರ್ಯಾಚರಣೆ ಬೇಡ ಎಂಬ ಹಳೆಯ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿದ್ದಾರೆ, ಹಾಗಾಗಿ ಬರುವುದಿಲ್ಲ ಎನ್ನಲಾಗದು. ಆದರೆ ಮುಚ್ಚಿದ ಕೋಣೆಯೊಳಗೆ ಒಪ್ಪಿಗೆ ಇಲ್ಲದೆ ಬರಲು ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಬೇಕು. ಅವರು ಸಾಮಾನ್ಯವಾಗಿ ತರುವುದು ವಲಸೆ ಅಧಿಕಾರಿಯೇ ಸಹಿ ಮಾಡಿದ ಐ-200 ಅಥವಾ ಐ-205, ಅದು ಸಾಲದು. ಬಾಗಿಲು ತೆರೆಯದೆ, ಕಾಗದವನ್ನು ಬಾಗಿಲ ಕೆಳಗಿಂದ ತೂರಿಸಲು ಹೇಳಿ ಮೇಲ್ಭಾಗದಲ್ಲಿ ಕೋರ್ಟಿನ ಹೆಸರಿದೆಯೇ ನೋಡಿ. ಕಾಲೇಜಿನ ದಾಖಲೆಗಳಿಗೆ 1974ರ ಫರ್ಪಾ ಕಾನೂನಿನ ರಕ್ಷಣೆ ಇದೆ, ಆದರೆ ಹೆಸರು, ವಿಳಾಸ, ಫೋನ್ ನಂಬರ್ "ಡೈರೆಕ್ಟರಿ ಮಾಹಿತಿ" ಎಂಬ ಹೆಸರಿನಲ್ಲಿ ಹೊರಗೆ ಹೋಗಬಹುದು. ಸೆಮಿಸ್ಟರಿನ ಮೊದಲ ವಾರದಲ್ಲೇ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ತಡೆಹಿಡಿಯುವ ಫಾರಂ ಕೊಡಿ.

ಅಮೆರಿಕನ್ ಪ್ರಜೆಯನ್ನು ಮದುವೆಯಾದರೆ ಎಲ್ಲ ಸರಿಹೋಗುತ್ತದಂತಲ್ಲ ಎಂದು ಇನ್ನೊಬ್ಬರು ಕೇಳಿದರು, ಸಭೆ ನಕ್ಕಿತು, ಆದರೆ ಪ್ರಶ್ನೆ ಸರಿಯಾದದ್ದೇ. ನಿಜವಾದ ಮದುವೆ ಆಗಿರಬೇಕು ಎಂಬುದಂತೂ ಸರಿ. ಅದರ ಮೇಲೆ, ದೇಶದೊಳಗೆ ಹೇಗೆ ಬಂದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ವೀಸಾದಲ್ಲಿ ಬಂದು ಅಧಿಕಾರಿಯ ಮುಂದೆ ನಿಂತು ಒಳಗೆ ಬಂದವರು, ಅವಧಿ ಮೀರಿದ್ದರೂ, ಸಾಮಾನ್ಯವಾಗಿ ಅಮೆರಿಕ ಬಿಡದೆಯೇ ಹಸಿರು ಕಾರ್ಡಿಗೆ ಅರ್ಜಿ ಹಾಕಬಹುದು. ಗಡಿಯಲ್ಲಿ ತಪಾಸಣೆ ಇಲ್ಲದೆ ಬಂದವರು ಸಾಮಾನ್ಯವಾಗಿ ಹೊರಗೆ ಹೋಗಿ ಅರ್ಜಿ ಹಾಕಬೇಕಾಗುತ್ತದೆ, ಹೊರಗೆ ಹೋದ ಕ್ಷಣ ಹತ್ತು ವರ್ಷದ ತಡೆ ಕಾಯುತ್ತಿರುತ್ತದೆ. ಆದ್ದರಿಂದ ಮಗು ಬಂದಾಗಿನ ಪಾಸ್‌ಪೋರ್ಟ್, ಅದರಲ್ಲಿನ ವೀಸಾ ಮತ್ತು ಪ್ರವೇಶದ ಮುದ್ರೆ, ಐ-94, ಇವೇ ಮುಂದೆ ಸಾಕ್ಷಿ. ಭಾರತೀಯ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ರದ್ದಾದ ಹಳೆಯ ಪುಸ್ತಕವನ್ನು ಕೇಳಿ ವಾಪಸು ಪಡೆಯಿರಿ, ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಮನೆ ಬದಲಾಯಿಸುವಾಗ ಅದನ್ನು ಸಾಮಾನಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.